ಗಾದಿ ಬಡಿಯುವ ಕೋಲು

ನಮ್ಮ ಅಪ್ಪ ಗಾದಿ ಹೊಲಿಯುತ್ತಿದ್ದ. ಅರಳೆ ಹಿಂಜಿ, ಅರಿವೆಯ ಖೋಳದೊಳಗೆ ತುಂಬಿ, ಬಾಯಿ ಹೊಲಿದ ಮೇಲೆ ಗಾದಿಯನ್ನು ನೆಲಕ್ಕೆ ಹಾಸಿ ಉದ್ದನೆಯ ಕೋಲಿನಿಂದ ಬಡಿಯಬೇಕು. ಹಾಗೆ ಬಡಿದರೇನೇ ಅರಳೆ ಎಲ್ಲ ಕಡೆ ಸಮನಾಗಿ ಕೂಡುತ್ತದೆ, ಇಲ್ಲದಿದ್ದರೆ ಗಂಟು ನಿಲ್ಲುತ್ತದೆ. ಆ ಕೋಲಿಗೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಜೀವ ಇರುವ ಯಾವುದರ ಮೇಲೂ ಅದನ್ನು ಎತ್ತಬಾರದು. ಅಪ್ಪ ಅಣ್ಣನನ್ನೂ ನನ್ನನ್ನೂ ಚಪ್ಪಲಿಯಿಂದ ಹೊಡೆದಿದ್ದಾನೆ, ಬೆಲ್ಟಿನಿಂದ ಹೊಡೆದಿದ್ದಾನೆ, ಒಮ್ಮೆ ನನ್ನ ತಲೆ ಹಿಡಿದು ಗೋಡೆಗೆ ಗುದ್ದಿದ್ದಾನೆ. ಆದರೆ ಕೈಯಲ್ಲಿ ಕೋಲಿದ್ದಾಗ ಸಿಟ್ಟು ಬಂದರೆ ಮೊದಲು ಅದನ್ನು ಮೂಲೆಗೆ ನಿಲ್ಲಿಸಿ ಆಮೇಲೆ ನಮ್ಮ ಕಡೆ ಬರುತ್ತಿದ್ದ. ಅಷ್ಟರಲ್ಲಿ ನಾವು ಓಡಿಹೋಗಿರುತ್ತಿದ್ದೆವು. ಮೈ ಕಂಡ ಕೋಲಿನಿಂದ ಬಡಿದ ಗಾದಿಯ ಮೇಲೆ ಯಾರಿಗೂ ನಿದ್ದೆ ಹತ್ತುವುದಿಲ್ಲ ಎನ್ನುತ್ತಿದ್ದ.

ಅಪ್ಪ ತೀರಿಕೊಂಡ ಮೇಲೆ ಮೂಡಲಗಿ ಪೇಟೆಯಲ್ಲಿದ್ದ ಅವನ ಗಾದಿ ಅಂಗಡಿಯನ್ನು ಅಣ್ಣ ನಡೆಸಿದ. ಅವನು ಶಾಲೆಗೆ ಹೋದವನಲ್ಲ. ನಾನು ಐದನೆಯ ತರಗತಿಯವರೆಗೆ ಕಲಿತೆ. ಅಷ್ಟಕ್ಕೇ ದೊಡ್ಡವನಾದವನಂತೆ, ಅರಳೆಯ ಧೂಳು ನನಗೆ ಬೇಡ ಎಂದು ಟೆಂಪೋ ಹತ್ತಿದೆ. ಗೋಕಾಕ, ಹುಕ್ಕೇರಿ, ಹಿಡಕಲ್ ಎಂದು ಬಾಡಿಗೆ ಹೊಡೆಯುತ್ತಿದ್ದೆ. ಕೊರೊನಾ ಬಂದು ಎಲ್ಲ ಬಂದ್ ಆದಾಗ ನನ್ನ ಟೆಂಪೋ ಮನೆ ಮುಂದೆ ನಿಂತಿತು, ಅಣ್ಣನ ಅಂಗಡಿಯ ಬಾಗಿಲೂ ಬಿತ್ತು. ಅಂಗಡಿಯ ಹಿಂದಿನ ಒಂದೇ ಮನೆಯಲ್ಲಿ ಎರಡು ಸಂಸಾರ. ಕೆಲಸ ಇಲ್ಲದ ಇಬ್ಬರು ಗಂಡಸರು ದಿನವಿಡೀ ಮುಖ ಮುಖ ನೋಡುತ್ತ ಕುಳಿತೆವು. ನಾನು ಹೆಂಡತಿಯ ಮೇಲೆ ಕೈ ಎತ್ತಿದ್ದೂ ಆ ದಿನಗಳಲ್ಲೇ. ಅಣ್ಣ ನಡುವೆ ಬಂದು ನನ್ನ ರಟ್ಟೆ ಹಿಡಿದು ಹೊರಗೆ ದಬ್ಬಿದ್ದ.

ಅಂಗಡಿಗಳನ್ನು ಮತ್ತೆ ತೆಗೆಯಬಹುದು ಎಂದು ಆದೇಶ ಬಂದಾಗ ಪೇಟೆಯವರೆಲ್ಲ ಬಟ್ಟೆ ಅಂಗಡಿಯ ಸಾವ್ಕಾರರ ಕಟ್ಟೆಯ ಹತ್ತಿರ ಕೂಡಿದರು. ಪೇಟೆಗೆ ಹಿರಿಯರೆಂದರೆ ಅವರೇ. ಗದ್ದಲವಾದರೆ, ಯಾರಿಗಾದರೂ ಜಡ್ಡು ಹತ್ತಿದರೆ, ಮತ್ತೆ ಬಾಗಿಲು ಹಾಕಿಸುತ್ತಾರೆ ಎಂಬ ಭಯ ಎಲ್ಲರಿಗೂ ಇತ್ತು. ದಿನವೂ ಪೇಟೆಯಲ್ಲಿ ತಿರುಗಿ ಮಂದಿಯನ್ನು ದೂರ ದೂರ ನಿಲ್ಲಿಸಲು ಒಬ್ಬ ಆಳು ಬೇಕಾಗಿತ್ತು. ಸಾವ್ಕಾರರು ನನ್ನನ್ನು ಕರೆದರು. ಇವನಿಗೆ ಎರಡು ಅಕ್ಷರ ಬರುತ್ತವೆ, ದನಿಯೂ ದೊಡ್ಡದಿದೆ ಎಂದರು. ಮುಸಲ್ಮಾನರಾದ ನಮ್ಮ ಬಗ್ಗೆ ಆಗ ಫೋನುಗಳಲ್ಲಿ ಏನೇನೋ ಸುಳ್ಳು ಓಡಾಡುತ್ತಿತ್ತು. ನಾವೇ ರೋಗ ಹಚ್ಚುತ್ತೇವೆ ಎಂದು ನಂಬಿದವರು ನಮ್ಮ ಓಣಿಯಲ್ಲೇ ಇದ್ದರು. ಅಂಥ ಹೊತ್ತಿನಲ್ಲಿ ನನ್ನನ್ನು ಕರೆದದ್ದು ಸಾವ್ಕಾರರ ದೊಡ್ಡತನ. ನಾನು ಅದನ್ನು ತಲೆಗೆ ಏರಿಸಿಕೊಂಡೆ. ಎಲ್ಲರಿಗಿಂತ ಬಿಗಿಯಾಗಿದ್ದು ತೋರಿಸಬೇಕು ಎಂದುಕೊಂಡೆ.

ಮೊದಲ ದಿನಗಳಲ್ಲಿ ನಾನು ಮಾಡಿದ ಕೆಲಸ ಒಳ್ಳೆಯದೇ. ಅಂಗಡಿಗಳ ಮುಂದೆ ಸುಣ್ಣದಿಂದ ದುಂಡಗೆ ಗುರುತು ಹಾಕಿದೆ. ನಾಲ್ಕು ರಸ್ತೆ ಕೂಡುವಲ್ಲಿ ನಳ ಕೂಡಿಸಿದ ನೀರಿನ ಡ್ರಮ್ಮು ಇಟ್ಟು ಸಾಬೂನನ್ನು ದಾರದಿಂದ ಕಟ್ಟಿದೆ, ಇಲ್ಲದಿದ್ದರೆ ಅದು ಸಂಜೆಗೆ ಇರುತ್ತಿರಲಿಲ್ಲ. ಗಿರಣಿಯಲ್ಲಿ ಹಿಟ್ಟು ಬೀಸಿಸಲು ಬಂದ ಹೆಂಗಸರು ತಮ್ಮ ಬದಲು ಜೋಳದ ಡಬ್ಬಿಗಳನ್ನೇ ಗುರುತಿನಲ್ಲಿ ಇಟ್ಟು ಬೇವಿನ ಗಿಡದ ಕೆಳಗೆ ಗುಂಪಾಗಿ ಕೂಡುತ್ತಿದ್ದರು. ಡಬ್ಬಿಗೇನು ರೋಗ ಬರುತ್ತದೇನವ್ವಾ ಎಂದರೆ, ಡಬ್ಬಿ ನಮಗಿಂತ ಶಾಣ್ಯಾ ಇದೆ, ನೀ ಅದಕ್ಕೇ ಹೇಳು ಎಂದು ನಗುತ್ತಿದ್ದರು. ಕಟಿಂಗ್ ಅಂಗಡಿಗೆ ಬರುವವರು ತಮ್ಮ ತಮ್ಮ ಟವೆಲ್ ತರಬೇಕು ಎಂದು ಮಾಡಿದೆ. ಅಣ್ಣನ ಅಂಗಡಿಯ ಹಿಂಜುವ ಮಷಿನ್ನನ್ನು ಹಿತ್ತಲಿಗೆ ಸಾಗಿಸಿ, ಧೂಳು ರಸ್ತೆಗೆ ಬರದಂತೆ ಬಾಗಿಲಿಗೆ ಒದ್ದೆ ಗೋಣಿತಟ್ಟು ಕಟ್ಟಿಸಿದೆ. ಜಡ್ಡಿನ ಮನೆಯ ಹಾಸಿಗೆ ತೆಗೆದುಕೊಳ್ಳುವುದಿಲ್ಲ ಎಂದು ಹಲಗೆಯ ಮೇಲೆ ನನ್ನ ಕೈಯಿಂದಲೇ ಬರೆದು ಅಂಗಡಿಯ ಮುಂದೆ ತೂಗುಹಾಕಿದೆ.

ಆದರೆ ಮಾತಿಗೆ ಮಂದಿ ಕೇಳುತ್ತಿರಲಿಲ್ಲ. ಪೊಲೀಸರು ಬಂದರೆ ಮಾತ್ರ ಚೆದುರುತ್ತಿದ್ದರು. ಬೈಕಿನವರ ಮೊಣಕಾಲ ಹಿಂದೆ ಲಾಠಿ ಬಿದ್ದಾಗ ಆಗುವ ಸಪ್ಪಳವನ್ನು ನಾನು ದಿನವೂ ಕೇಳುತ್ತಿದ್ದೆ, ಆ ಸಪ್ಪಳಕ್ಕೆ ಇಡೀ ರಸ್ತೆ ನೆಟ್ಟಗಾಗುವುದನ್ನು ನೋಡುತ್ತಿದ್ದೆ. ಒಂದು ದಿನ ಮುಂಜಾನೆ ಅಂಗಡಿಯ ಮೂಲೆಯಲ್ಲಿದ್ದ ಕೋಲನ್ನು ಎತ್ತಿಕೊಂಡು ಹೊರಟೆ. ಅಣ್ಣ ಹಿತ್ತಲಲ್ಲಿ ಮಷಿನ್ ನಿಲ್ಲಿಸಿ ಬಂದ.

"ಅದು ಗಾದಿ ಕೋಲು," ಅಂದ.

"ಬರೇ ಹೆದರಸಾಕ," ಅಂದೆ.

"ಹೆದರಸಾಕ ಬ್ಯಾರೆ ಕೋಲ ಸಿಗೂದಿಲ್ಲೇನು? ಊರಾಗ ಗಿಡಾ ಇಲ್ಲ?"

ನಾನು ಕೋಲನ್ನು ಹೆಗಲಿಗೇರಿಸಿ ರಸ್ತೆಗೆ ಇಳಿದೆ. ಆ ಕೋಲು ತಲೆಮಾರಿನಿಂದ ಎಣ್ಣೆ ಕುಡಿದು ನುಣುಪಾಗಿತ್ತು. ಬಾಗುತ್ತಿತ್ತು, ಮುರಿಯುತ್ತಿರಲಿಲ್ಲ. ಬೀಸಿದರೆ ಗಾಳಿಯಲ್ಲೇ ಶಬ್ದ ಬರುತ್ತಿತ್ತು.

ಮೊದಲನೆಯ ಏಟು ಬಾಳೆಹಣ್ಣಿನ ಗಾಡಿಯವನ ಬೆನ್ನಿಗೆ ಬಿತ್ತು. ಅವನು ಗುರುತು ಬಿಟ್ಟು ಗಾಡಿಯನ್ನು ಮಂದಿಯ ನಡುವೆ ನುಗ್ಗಿಸಿದ್ದ. ಹಿಂದೆ ತಗೋ ಎಂದೆ, ತೆಗೆಯಲಿಲ್ಲ, ಹೊಡೆದೆ. ಅವನು ಹೊರಳಿ ನನ್ನನ್ನು ನೋಡಿದ, ನಂಬಲಾರದವನ ಹಾಗೆ. ನಾವಿಬ್ಬರೂ ಒಂದೇ ವಯಸ್ಸಿನವರು, ಸಣ್ಣವರಿದ್ದಾಗ ಕೆರೆಯಲ್ಲಿ ಕೂಡಿ ಈಜಿದವರು. ಎರಡನೆಯದು ಗಾಡಿಗೆ ಬಿತ್ತು, ಗಾಡಿ ಪಲ್ಟಿಯಾಯಿತು. ಅವನು ನೆಲದ ಮೇಲೆ ಕುಳಿತು ಹಣ್ಣು ಆರಿಸುವಾಗ ಮೂರನೆಯದನ್ನೂ ಹೊಡೆದೆ. ಅದು ಬೇಕಾಗಿರಲಿಲ್ಲ. ಮಂದಿ ಗಪ್ಪಾಗಿ ಗುರುತುಗಳಲ್ಲಿ ಹೋಗಿ ನಿಂತರು. ನನಗೆ ಎದೆಯಲ್ಲಿ ಏನೋ ಬಿಸಿಯಾದದ್ದು ಹರಿಯಿತು. ಖರೆ ಹೇಳಬೇಕೆಂದರೆ ಅದು ಸುಖವಾಗಿತ್ತು.

ಆಮೇಲೆ ದಿನವೂ ಹೊಡೆದೆ. ಮಾಸ್ಕು ಗದ್ದಕ್ಕೆ ಇಳಿಸಿದವರಿಗೆ, ಎಲೆ ಅಡಿಕೆ ಉಗುಳಿದವರಿಗೆ, ಎದುರು ಮಾತಾಡಿದವರಿಗೆ. ಒಬ್ಬ ಮುದುಕನ ಕೈಯಲ್ಲಿದ್ದ ಔಷಧದ ಬಾಟಲಿ ಒಡೆಯಿತು. ಗಿರಣಿಯ ಹತ್ತಿರದ ಹೆಂಗಸರು ನನ್ನನ್ನು ಕೋಲು ಸಾಹೇಬ ಎಂದು ಕರೆಯತೊಡಗಿದರು. ಬಂದರು ನೋಡ್ರೆವ್ವ ಸಾಹೇಬರು, ಡಬ್ಬಿ ಮುಚ್ಚರಿ, ಹಿಟ್ಟಿಗೂ ಹೊಡೆದಾರು ಎನ್ನುತ್ತಿದ್ದರು. ಪೇಟೆ ಮಾತ್ರ ಶಿಸ್ತಿನಲ್ಲಿ ನಡೆಯಿತು. ಸಾವ್ಕಾರರು ಬೆನ್ನು ತಟ್ಟಿದರು. ದಿನವೂ ಮನೆಗೆ ಬಂದು ನಾನು ಕೋಲನ್ನು ಮೂಲೆಗೆ ನಿಲ್ಲಿಸುತ್ತಿದ್ದೆ. ಅಣ್ಣ ಅದನ್ನು ಮುಟ್ಟುತ್ತಿರಲಿಲ್ಲ, ಒಂದು ಬಿದಿರಿನ ಗಳ ತಂದು ಅದರಿಂದಲೇ ಗಾದಿ ಬಡಿಯುತ್ತಿದ್ದ.

ಅಷ್ಟರಲ್ಲಿ ಹುಕ್ಕೇರಿಯ ಒಬ್ಬ ಗೆಳೆಯ ಫೋನು ಮಾಡಿದ. ನನ್ನ ಹಾಗೇ ಟೆಂಪೋ ಹೊಡೆಯುವವನು. ಅವನ ತಾಯಿ ಕೆಮ್ಮಿ ಕೆಮ್ಮಿ ಉಸಿರು ಹತ್ತದೆ ತೀರಿಕೊಂಡಿದ್ದಳು. ಅದೇ ವಾರ ಹೆಂಡತಿ ಹಡೆದಿದ್ದಳು. ಮನೆಯಲ್ಲಿ ಇದ್ದದ್ದು ಒಂದೇ ಒಳ್ಳೆಯ ಗಾದಿ, ತಾಯಿ ಸತ್ತದ್ದು ಅದರ ಮೇಲೆಯೇ. ಅರಳೆ ಹಿಂಜಿಸಿ ಹೊಸ ಖೋಳ ಹಾಕಿಸಿಕೊಂಡರೆ ಬಾಣಂತಿಗೆ ಆಗುತ್ತದೆ, ಆದರೆ ಹುಕ್ಕೇರಿಯಲ್ಲಿ ಯಾರೂ ಮುಟ್ಟಲೊಲ್ಲರು, ಎಲ್ಲರಿಗೂ ವಿಷಯ ಗೊತ್ತಿದೆ ಎಂದ. ನನಗೆ ಕನಿಕರ ಬಂದದ್ದು ಸುಳ್ಳಲ್ಲ. ಆದರೆ ಕನಿಕರಕ್ಕಿಂತ ಹೆಚ್ಚು, ಮೂಡಲಗಿ ಪೇಟೆಯಲ್ಲಿ ನನ್ನ ಮಾತು ನಡೆಯುತ್ತದೆ ಎಂದು ತೋರಿಸುವ ಆಸೆ ಇತ್ತು. ತಂದುಬಿಡುತ್ತೇನೆ, ಚಿಂತೆ ಬಿಡು ಎಂದೆ. ಪೇಟೆಗೆ ತರಕಾರಿ ತರಲು ನನ್ನ ಟೆಂಪೋಕ್ಕೆ ಪಾಸ್ ಸಿಕ್ಕಿತ್ತು. ಚೀಲಗಳ ಕೆಳಗೆ ಗಾದಿ ಹಾಕಿಕೊಂಡು ಬಂದೆ.

ಅಣ್ಣ ಯಾರದು ಎಂದು ಕೇಳಿದ. ಹಲಗೆ ಬರೆದವನು ನಾನೇ. ಬಾಯಿಗೆ ಬಂದದ್ದು ಹತ್ತಿರದ ಊರು ಕಲ್ಲೋಳಿಯ ಹೆಸರು. ಕಲ್ಲೋಳಿಯ ಒಂದು ಮದುವೆ ಮನೆಯದು, ಅವಸರ ಇದೆ ಎಂದೆ. ಅವನು ಮತ್ತೇನೂ ಕೇಳಲಿಲ್ಲ. ಖೋಳ ಬಿಚ್ಚಿ, ಒಗೆದು, ಅಂಗಡಿಯ ಮುಂದಿನ ಹಗ್ಗಕ್ಕೆ ಒಣಹಾಕಿದ. ನೇರಳೆ ಹಣ್ಣಿನಂಥ ಜಾಂಬಳಿ ಬಣ್ಣದ ಮೇಲೆ ದೊಡ್ಡ ದೊಡ್ಡ ಹಳದಿ ಸೂರ್ಯಕಾಂತಿ ಹೂ ಇದ್ದ ಅರಿವೆ ಅದು. ಅಂಥದನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಅದೇ ದಿನ ಹುಕ್ಕೇರಿಯಿಂದ ಒಬ್ಬ ಪಾತ್ರೆ ವ್ಯಾಪಾರಿ ಪೇಟೆಗೆ ಬಂದಿದ್ದ. ಗೆಳೆಯನ ಓಣಿಯವನು, ಹೆಣ ಎತ್ತುವಾಗ ಆ ಗಾದಿಯನ್ನು ನೋಡಿದವನು. ಹಗ್ಗದ ಮೇಲಿನ ಹೂ ಕಂಡದ್ದೇ ನಿಂತುಬಿಟ್ಟ. ಗಿರಣಿಯ ಮುಂದೆ ಹೋಗಿ, ನಮ್ಮೂರಲ್ಲಿ ಕೊರೊನಾದಿಂದ ಸತ್ತವರ ಹಾಸಿಗೆ ಇಲ್ಲಿ ಹಿಂಜುತ್ತಿದ್ದಾರೆ ಎಂದ. ನಾನು ಪೇಟೆಯ ಇನ್ನೊಂದು ತುದಿಯಲ್ಲಿದ್ದೆ. ಗದ್ದಲ ಕೇಳಿ ಓಡಿ ಬರುವಷ್ಟರಲ್ಲಿ ಅಂಗಡಿಯ ಮುಂದೆ ಮಂದಿ ಒತ್ತೊತ್ತಾಗಿ ನಿಂತಿದ್ದರು. ಸುಣ್ಣದ ಗುರುತುಗಳು ಕಾಲಡಿಯಲ್ಲಿ ಅಳಿಸಿಹೋಗಿದ್ದವು. ಒಬ್ಬ ಒದ್ದೆ ತಟ್ಟನ್ನು ಕಿತ್ತು ಒಗೆದಿದ್ದ. ಅಣ್ಣನನ್ನು ಅಂಗಿಯ ಕೊರಳಪಟ್ಟಿ ಹಿಡಿದು ಹಿತ್ತಲಿನಿಂದ ರಸ್ತೆಗೆ ಎಳೆದು ತಂದಿದ್ದರು. ಅವನ ತಲೆ, ಹುಬ್ಬು, ಮೀಸೆ ಎಲ್ಲ ಅರಳೆಯಿಂದ ಬೆಳ್ಳಗಿತ್ತು. ಊರಿಗೆ ಹಂಚುತ್ತೀಯೇನು ಎಂದು ಯಾರೋ ಕೂಗಿದರು. ನಿಮ್ಮ ಮಂದೀನೇ ಹಿಂಗ ಎಂದ ಇನ್ನೊಬ್ಬ. ಎಳೆದು ತಂದವರಲ್ಲಿ ಬಾಳೆಹಣ್ಣಿನ ಗಾಡಿಯವನಿದ್ದ. ಔಷಧದ ಮುದುಕನ ಮಗ ಇದ್ದ. ನಾನು ಹೊಡೆದ ಎಷ್ಟೋ ಬೆನ್ನುಗಳು ಅಲ್ಲಿದ್ದವು.

ಅಣ್ಣ ಹೆದರಿರಲಿಲ್ಲ. ತಪ್ಪು ತಿಳಿದಿದ್ದಾರೆ, ತಿಳಿಸಿ ಹೇಳಿದರೆ ಮುಗಿಯಿತು ಎಂದುಕೊಂಡಿದ್ದ. ನನ್ನನ್ನು ಕಂಡು ಅವನ ಮುಖ ಹಗುರಾಯಿತು.

"ಅದು ಹುಕ್ಕೇರಿದಲ್ರೀ, ಕಲ್ಲೋಳಿದು," ಅಂದ. "ಬೇಕಾದ್ರ ನಮ್ಮ ತಮ್ಮನ್ನ ಕೇಳ್ರಿ."

ಎಲ್ಲರೂ ನನ್ನ ಕಡೆ ಹೊರಳಿದರು. ಪಾತ್ರೆಯವನೂ ಹೊರಳಿದ. ಇನ್ನೊಂದು ಕ್ಷಣ ಬಿಟ್ಟರೆ ಯಾರಾದರೂ ಕೇಳುತ್ತಿದ್ದರು, ಅದನ್ನು ತಂದವನು ನೀನೇನು ಎಂದು. ನಾನು ಕೋಲು ಎತ್ತಿ ಅಣ್ಣನಿಗೆ ಹೊಡೆದೆ.

ಮೊದಲನೆಯದು ಭುಜಕ್ಕೆ ಬಿತ್ತು. ನಮ್ಮ ಮನೆಯವನಾದರೂ ಬಿಡುವುದಿಲ್ಲ ಎಂದು ಕೂಗಿದೆ. ಎರಡನೆಯದಕ್ಕೆ ಅವನು ಬಲಗೈ ಅಡ್ಡ ಹಿಡಿದ. ಮಣಿಕಟ್ಟಿನ ಮೇಲೆ ಬಿತ್ತು. ಹಸಿ ಕಬ್ಬು ಮುರಿದ ಹಾಗೆ ಸಪ್ಪಳವಾಯಿತು. ಅವನು ಕೂಗಲಿಲ್ಲ, ಕೈಯನ್ನು ಎದೆಗೆ ಒತ್ತಿಕೊಂಡು ಕುಳಿತ. ಅಲ್ಲಿಂದ ಮುಂದೆ ಮಂದಿ ತಡೆದುಕೊಳ್ಳಲಿಲ್ಲ. ಅವನ ಸ್ವಂತ ತಮ್ಮನೇ ಹೊಡೆದ ಮೇಲೆ ಅವರಿಗೆ ಯಾರ ಅಡ್ಡಿ? ಒದ್ದರು. ಗಾಡಿಯವನು ಬೆನ್ನಿಗೆ ಎರಡು ಸಲ ಒದ್ದ. ಒಬ್ಬ ಹಲಗೆ ಕಿತ್ತು ಅದರಿಂದ ಹೊಡೆದ, ನನ್ನ ಅಕ್ಷರ ಇದ್ದ ಹಲಗೆ. ಮಷಿನ್ನಿನ ಹಲ್ಲುಗಳನ್ನು ಕಲ್ಲಿನಿಂದ ಜಜ್ಜಿದರು. ಅರಳೆಗೆ ಚಿಮಣಿ ಎಣ್ಣೆ ಸುರಿದು ನಡುರಸ್ತೆಯಲ್ಲಿ ಬೆಂಕಿ ಹಚ್ಚಿದರು. ಅಣ್ಣನ ಹೆಂಡತಿ, ನಮ್ಮ ವೈನಿ, ಒಳಗಿಂದ ಓಡಿ ಬಂದು ಗಂಡನ ಮೇಲೆ ಬಿದ್ದಳು, ಅವಳಿಗೂ ಏಟು ಬಿದ್ದವು. ನಾನು ಕೋಲು ಹಿಡಿದು ನಿಂತಿದ್ದೆ. ಪೊಲೀಸರ ಜೀಪು ಬರುವವರೆಗೂ ನಿಂತೇ ಇದ್ದೆ.

ಗೋಕಾಕದ ಆಸ್ಪತ್ರೆಗೆ ನನ್ನ ಟೆಂಪೋದಲ್ಲೇ ಕರೆದುಕೊಂಡು ಹೋದೆ. ಡಾಕ್ಟರರು ಕೈ ಏನಾಯಿತು ಎಂದರೆ ಅಣ್ಣ, ಮಷಿನ್ನಿನ ಮೇಲೆ ಬಿದ್ದೆ ಎಂದ. ನಮ್ಮೆಲ್ಲರನ್ನೂ ಒಂದು ಹಾಸ್ಟೆಲಿನಲ್ಲಿ ಇಟ್ಟು ಪರೀಕ್ಷೆ ಮಾಡಿದರು. ಯಾರಿಗೂ ಏನೂ ಇರಲಿಲ್ಲ. ಆ ಹಾಸ್ಟೆಲಿನ ವರಾಂಡದಲ್ಲಿ ವೈನಿ ನನ್ನ ಮುಖಕ್ಕೆ ನೀರು ಎರಚಿ, ನೀ ಕಣ್ಣ ಮುಂದೆ ಬರಬೇಡ ಎಂದಾಗ ಅಣ್ಣ ಅವಳನ್ನು ಬೈದ.

"ಅಂವ ಎರಡ ಹೊಡದ ತಣ್ಣಗ ಮಾಡಾಕ ನೋಡ್ಯಾನ," ಅಂದ. "ಇಲ್ಲಂದ್ರ ಅವ್ರು ನನ್ನ ಕೊಂದಽ ಬಿಡತಿದ್ರು. ನನ್ನ ಉಳಸಾಕ ಹೊಡದಾನ ಅಂವ."

ಆ ಮಾತನ್ನು ಹಿಡಿದುಕೊಂಡು ನಾನು ಒಂದು ವರ್ಷ ಬದುಕಿದೆ. ಯಾರು ಕೇಳಿದರೂ ಅದನ್ನೇ ಹೇಳಿದೆ. ಗಾದಿ ಕಲ್ಲೋಳಿಯದೇ, ಹುಕ್ಕೇರಿಯವನು ಗುರುತು ತಪ್ಪಿದ ಎಂದು ಅಣ್ಣ ನಂಬಿದ್ದ, ನಂಬಲಿ ಎಂದು ಬಿಟ್ಟೆ. ಹುಕ್ಕೇರಿಯ ಗೆಳೆಯನಿಗೆ ಗಾದಿ ಸುಟ್ಟುಹೋಯಿತು ಎಂದಷ್ಟೇ ತಿಳಿಸಿ, ಆಮೇಲೆ ಅವನ ಫೋನು ಎತ್ತಲಿಲ್ಲ. ಪೇಟೆಯಲ್ಲಿ ನನ್ನ ಹೆಸರು ಇನ್ನೂ ದೊಡ್ಡದಾಯಿತು, ಅಣ್ಣನೆಂದೂ ನೋಡದವನು ಎಂದು.

ಅಣ್ಣನ ಕೈ ಸೊಟ್ಟಗೆ ಕೂಡಿತು. ಬೆರಳು ಮಡಚುತ್ತವೆ, ಹಿಡಿತ ಇಲ್ಲ. ಸೂಜಿಯನ್ನು ಎಡಗೈಗೆ ರೂಢಿ ಮಾಡಿಕೊಂಡ. ಕೋಲು ಹಿಡಿದು ಬಡಿಯುವುದು ಆಗಲಿಲ್ಲ. ಮಷಿನ್ ರಿಪೇರಿಯಾಗಿ ಅಂಗಡಿ ಮತ್ತೆ ತೆಗೆದಾಗ ನಾನು ಟೆಂಪೋ ಮಾರಿ ಅವನ ಜೊತೆ ಕೆಲಸಕ್ಕೆ ನಿಂತೆ. ಬಡಿಯುವ ಕೆಲಸ ನನ್ನದಾಯಿತು. ಬಿದಿರಿನ ಗಳ ಬೆಂಕಿಯಲ್ಲಿ ಹೋಗಿತ್ತು, ಆ ಕೋಲು ಮಾತ್ರ ಉಳಿದಿತ್ತು. ಅದನ್ನು ಮುಟ್ಟಲು ನಾನು ಹಿಂದೆ ಮುಂದೆ ನೋಡಿದೆ. ಅಣ್ಣ ಬಹಳ ಹೊತ್ತು ಯೋಚಿಸಿ, ಒಂದು ಜೀವ ಉಳಿಸಿದ ಕೋಲಿಗೆ ಹಿಂದಿನ ದೋಷವೂ ಉಳಿಯುವುದಿಲ್ಲ, ಅಪ್ಪನಾದರೂ ಒಪ್ಪುತ್ತಿದ್ದ, ಬಡಿ ಎಂದ. ನಾನು ಬಡಿದೆ. ಒಂದು ವರ್ಷದ ಗಾದಿಗಳನ್ನು, ಮದುವೆಯವರದು, ಬಾಣಂತಿಯರದು, ಹಾಸಿಗೆ ಹಿಡಿದವರದು, ಎಲ್ಲವನ್ನೂ ಅದರಿಂದಲೇ ಬಡಿದೆ. ಪ್ರತಿ ಏಟಿಗೂ ಆ ಮಣಿಕಟ್ಟಿನ ಸಪ್ಪಳ ಕೇಳುತ್ತಿತ್ತು. ಎದುರಿಗೇ ಅಣ್ಣ ಹೊಲಿಯುತ್ತ ಕುಳಿತಿರುತ್ತಿದ್ದ. ಮೆಲ್ಲಗೆ ಬಡಿ, ಅರಳೆಗೂ ನೋವಾಗುತ್ತದೆ ಎಂದು ನಗುತ್ತಿದ್ದ.

ಮರುವರ್ಷ ರೋಗ ಮತ್ತೆ ಬಂತು, ಮತ್ತೆ ಬಂದ್ ಆಯಿತು, ಮತ್ತೆ ತೆಗೆಯುವ ದಿನ ಬಂತು. ಸಾವ್ಕಾರರ ಕಟ್ಟೆಯ ಹತ್ತಿರ ಎಲ್ಲರೂ ಕೂಡಿದರು. ಹೋದ ಸಲ ಇವನ ಹಾಗೆ ಯಾರೂ ಮಾಡಲಿಲ್ಲ, ಅಣ್ಣನೆಂದೂ ಬಿಡಲಿಲ್ಲ, ಈ ಸಲವೂ ಇವನೇ ಆಗಲಿ ಎಂದು ಅವರು ಒಂದು ಹೊಸ ಲಾಠಿಯನ್ನು ನನ್ನ ಕೈಗೆ ಕೊಟ್ಟರು. ನಾಲ್ಕು ಮಂದಿ ತಲೆ ಅಲ್ಲಾಡಿಸಿದರು. ಲಾಠಿಯ ಭಾರ ಅಂಗೈಗೆ ತಾಗಿದ ಕೂಡಲೇ ಮತ್ತೆ ಎದೆಯಲ್ಲಿ ಆ ಬಿಸಿ ಹರಿಯಿತು. ನನಗೆ ನನ್ನ ಬಗ್ಗೆಯೇ ಹೆದರಿಕೆಯಾಯಿತು. ಲಾಠಿಯನ್ನು ಕಟ್ಟೆಯ ಮೇಲೆ ಇಟ್ಟೆ.

"ಆ ಗಾದಿ ಹುಕ್ಕೇರಿದಽರೀ," ಅಂದೆ. "ತಂದಾಂವ ನಾ. ಅಣ್ಣಗ ಸುಳ್ಳ ಹೇಳಿದ್ದೆ. ಯಾರೂ ನನ್ನ ಕೇಳಬಾರದಂತ ಅಂವನ್ನ ಹೊಡದೆ."

ಸಾವ್ಕಾರರು, ಆದದ್ದು ಆಯಿತು, ಈಗ ಅದನ್ನೇಕೆ ತೆಗೆಯುತ್ತೀ ಎಂದು ಸುಣ್ಣದ ಮಾತಿಗೆ ಹೊರಳಿದರು. ಬಾಳೆಹಣ್ಣಿನ ಗಾಡಿಯವನು ಮಾತ್ರ ಎದ್ದು ಬಂದ. ನನ್ನ ಮಾಸ್ಕು ಹಿಡಿದು ಜಗ್ಗಿ ಕಪಾಳಕ್ಕೆ ಹೊಡೆದ. ಕಿವಿಯಲ್ಲಿ ಗುಂಯ್ ಎಂದಿತು. ಇನ್ನೊಂದು ಹೊಡೆದ. ಬಾಯಲ್ಲಿ ರಕ್ತದ ರುಚಿ ಬಂತು. ನಾನು ಕೈ ಅಡ್ಡ ಹಿಡಿಯಲಿಲ್ಲ.

"ನಿನಗ ಬೀಳಬೇಕಾಗಿತ್ತಲೇ ಅವು," ಅಂದ. "ಆ ದೇವರಂಥಾ ಮನಷ್ಯಾನ್ನ ಒದ್ದೆನಲ್ಲೋ ನಾ." ಹಾಗೆಂದು ಅಲ್ಲೇ ನಿಂತು ಅಳತೊಡಗಿದ.

ನಾನು ಅಂಗಡಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಣ್ಣ ಎಡಗೈಯಲ್ಲಿ ಸೂಜಿ ಹಿಡಿದು ಹೊಲಿಯುತ್ತಿದ್ದ. ತಲೆ ಎತ್ತದೆ, ಯಾರ ಗಾದಿ ಅದು ಎಂದು ಕೇಳಿದ. ಗೆಳೆಯ, ಅವನ ತಾಯಿ, ಬಾಣಂತಿ ಎಲ್ಲ ಹೇಳಿದೆ. ಅವನು ದಾರ ಕಡಿದ.

"ನನಗ ಹೇಳಿದ್ರ ಒಲ್ಲೆ ಅಂತಿದ್ನೇನು? ಹಿತ್ತಲದಾಗ ನಾಕ ದಿನ ಬಿಸಲಿಗೆ ಹಾಕಿ, ಮಾರಿಗೆ ಅರಿವಿ ಕಟಗೊಂಡು ಹಿಂಜತಿದ್ದೆ. ಬಾಣಂತಿಗೆ ಒಲ್ಲೆ ಅನ್ನಾಕ ಬರ್ತೈತೇನು?"

ಅವನು ಸೂಜಿಯನ್ನು ಗಾದಿಯ ಅಂಚಿಗೆ ಚುಚ್ಚಿಟ್ಟ.

"ಹೊಡದದ್ದು ಗೊತ್ತಿತ್ತು," ಅಂದ. "ಯಾಕ ಹೊಡದಿ ಅನ್ನೂದು ಗೊತ್ತಿರ್ಲಿಲ್ಲ."

ಆಮೇಲೆ ವೈನಿಯನ್ನು ಕರೆದು ಮೂಲೆಯ ಕೋಲನ್ನು ತೋರಿಸಿದ. ಅವಳು ಅದನ್ನು ಮೊಣಕಾಲಿಗೆ ಹಚ್ಚಿ ಮುರಿಯಲು ನೋಡಿದಳು, ಮುರಿಯಲಿಲ್ಲ. ಕೊಡಲಿಯಿಂದ ಕಡಿದು ನೀರೊಲೆಗೆ ಹಾಕಿದಳು. ಎಣ್ಣೆ ಕುಡಿದ ಕೋಲು ಬಹಳ ಹೊತ್ತು ಉರಿಯಿತು.

ಈಗ ಅಂಗಡಿಯಲ್ಲಿ ಹೊಸ ಕೋಲು ಇದೆ. ಬಡಿಯುವುದು ವೈನಿ. ನಾನು ಹಳೆ ಅರಳೆ ಬಿಡಿಸುತ್ತೇನೆ, ಹಿಂಜುತ್ತೇನೆ, ತುಂಬುತ್ತೇನೆ. ಕೋಲು ಮುಟ್ಟಬೇಡ ಎಂದು ಅಣ್ಣ ಹೇಳಿಲ್ಲ, ಮುಟ್ಟು ಎಂದೂ ಹೇಳಿಲ್ಲ. ನನ್ನ ಜೊತೆ ಕೆಲಸದ ಮಾತಷ್ಟೇ ಆಡುತ್ತಾನೆ.

ಮೊನ್ನೆ ಕಲ್ಲೋಳಿಯ ಒಬ್ಬರು ಮಗಳ ಮದುವೆಯ ಗಾದಿಗೆ ಬಂದಿದ್ದರು. ಗಾದಿ ಹೊಲಿದು ಆಗಿತ್ತು, ವೈನಿ ತವರಿಗೆ ಹೋಗಿದ್ದಳು, ಅವರಿಗೆ ಬಸ್ಸಿನ ಅವಸರ. ನೀವೇ ನಾಲ್ಕು ಬಡಿದು ಕೊಡ್ರಿ ಎಂದು ನನಗೆ ಹೇಳಿದರು. ನಾನು ಕೈ ಕಟ್ಟಿ ನಿಂತೆ, ಅಣ್ಣನ ಕಡೆ ನೋಡಿದೆ. ಅಣ್ಣ ಎದ್ದ. ಎಡಗೈಯಲ್ಲಿ ಕೋಲು ತೆಗೆದುಕೊಂಡು, ಸೊಟ್ಟ ಕೈಯನ್ನು ಅದಕ್ಕೆ ಆನಿಸಿ ಗಾದಿಯ ಮುಂದೆ ನಿಂತ. ಒಂದು ಏಟು ಹೊಡೆದ. ಗಾದಿ ಅಡ್ಡ ಸರಿಯಿತು.

"ಆ ಮೂಲಿ ಹಿಡಿ," ಅಂದ ನನಗೆ.

ನಾನು ಮೊಣಕಾಲೂರಿ ಕುಳಿತು ಎರಡೂ ಕೈಯಿಂದ ಗಾದಿಯ ಮೂಲೆ ಒತ್ತಿ ಹಿಡಿದೆ. ಎಡಗೈಯ ಏಟಿಗೆ ಗುರಿ ಇರಲಿಲ್ಲ. ಒಂದು ದೂರ ಬಿತ್ತು, ಒಂದು ನನ್ನ ಬೆರಳುಗಳ ಮಗ್ಗುಲಲ್ಲೇ ಬಿತ್ತು. ಕೋಲಿನ ಗಾಳಿ ಕೈಗೆ ತಾಗಿತು. ಅವನು ನಿಲ್ಲಿಸಿ ನನ್ನ ಕೈಗಳನ್ನು ನೋಡಿದ. ನಾನು ತೆಗೆಯಲಿಲ್ಲ. ಅವನು ಮತ್ತೆ ಕೋಲು ಎತ್ತಿದ.